ಯಾವ ಕೋಳಿ ಮೊಟ್ಟೆ ಇಡ್ತಿದೆ, ಯಾವುದು ಸುಮ್ನೆ ತಿಂತಿದೆ?

ಮೂರು ವರ್ಷದ ಹಿಂದೆ, ಕಕ್ಕಡದ (ಜುಲೈ–ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆಯಲ್ಲಿ, ನಾನು ತಪ್ಪು ಕೋಳಿ ಕೊಯ್ದೆ.

ಮನೆಗೆ ನೆಂಟರು ಬಂದಿದ್ದರು. ಕಕ್ಕಡದಲ್ಲಿ ನೆಂಟರು ಬಂದಾಗ ಕೋಳಿ ಸಾರು ಇಲ್ಲದಿದ್ದರೆ ಹೇಗೆ? ಗೂಡಿನಲ್ಲಿ ಹದಿನಾಲ್ಕು ಹೇಂಟೆಗಳಿದ್ದವು. ದಿನಕ್ಕೆ ಸಿಗುತ್ತಿದ್ದದ್ದು ನಾಲ್ಕೋ ಐದೋ ಮೊಟ್ಟೆ. ಅಂದರೆ ಕೆಲವು ಸುಮ್ನೆ ತಿಂದುಕೊಂಡು ಕೂತಿವೆ ಅಂತ ಲೆಕ್ಕ. ಒಂದು ಹೇಂಟೆ ನೋಡೋಕೆ ತೀರಾ ಕೆಟ್ಟದಾಗಿತ್ತು. ಗರಿಯೆಲ್ಲ ಸವೆದು ಹರಿದ ಕೊಡೆಯ ಹಾಗಾಗಿತ್ತು. ಕಾಲು ಬಿಳಚಿಕೊಂಡಿತ್ತು. ಅದರ ಪಕ್ಕದಲ್ಲೇ ಇನ್ನೊಂದು. ಗರಿ ಮಿರಮಿರ ಹೊಳೆಯುತ್ತಿತ್ತು, ಕಾಲು ಅರಿಸಿನ ಹಚ್ಚಿದ ಹಾಗೆ ಹಳದಿ. ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಕೊಯ್ದು ಹೊಟ್ಟೆ ಬಿಡಿಸಿದಾಗ ಒಳಗೆ ಮೊಟ್ಟೆಯ ಗೊಂಚಲು. ದೊಡ್ಡ ಹಳದಿ ಉಂಡೆ ಒಂದು, ಅದಕ್ಕಿಂತ ಚಿಕ್ಕದು ಇನ್ನೊಂದು, ಆಮೇಲೆ ಗೋಲಿಯಷ್ಟು, ಬಟಾಣಿಯಷ್ಟು, ಕೊನೆಗೆ ಒಳ್ಳೆಮೆಣಸಿನ ಕಾಳಿನಷ್ಟು. ಕೆಳಗಿನ ಕೊಳವೆಯಲ್ಲಿ ಚಿಪ್ಪು ಕಟ್ಟಿಕೊಂಡ ಮೊಟ್ಟೆಯೂ ಒಂದಿತ್ತು. ಮಾರನೆ ದಿನ ಬುಟ್ಟಿಯಲ್ಲಿ ಸಿಗಬೇಕಾದದ್ದು. ತೋಟದ ಕೆಲಸಕ್ಕೆ ಬರುವ ಅಕ್ಕ ಒಬ್ಬರು ಕೋಳಿ ಕ್ಲೀನು ಮಾಡಲು ಕೂತಿದ್ದರು. ಅವರು ಕೈ ನಿಲ್ಲಿಸಿ ಕೇಳಿದರು: "ಮೊಟ್ಟೆ ಇಡೋ ಕೋಳೀನೇ ಕೊಯ್ದ್ರಲ್ಲ ಅಣ್ಣಾ. ಹಿಡಿದು ನೋಡ್ಲಿಲ್ವಾ?"

ಹಿಡಿದು ನೋಡುವುದು ಅಂದರೇನು ಅಂತ ನಾನು ಕಲಿತದ್ದು ಆಮೇಲೆ. ಅರ್ಧ ಆ ಅಕ್ಕನಿಂದ, ಅರ್ಧ ಓದಿ, ಉಳಿದದ್ದು ಮತ್ತೆ ಮತ್ತೆ ತಪ್ಪು ಮಾಡಿ. ಇದರಲ್ಲಿ ಗುಟ್ಟೇನೂ ಇಲ್ಲ. ಕೋಳಿ ಮೊಟ್ಟೆ ಇಡುತ್ತಿದೆಯೋ ಇಲ್ಲವೋ ಅನ್ನುವುದು ಅದರ ಮೈಮೇಲೇ ಬರೆದಿರುತ್ತದೆ. ಕಷ್ಟ ಏನೆಂದರೆ, ನಮ್ಮ ಕಣ್ಣಿಗೆ ಯಾವುದು ಚೆಂದ ಕಾಣುತ್ತದೋ ಅದಕ್ಕೆ ಸರಿಯಾಗಿ ಉಲ್ಟಾ ಬರೆದಿರುತ್ತದೆ.

ಕಾಫಿ ತೋಟದಲ್ಲಿ ರೈಟರು ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಪುಸ್ತಕ ಬರೆಯುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಇವತ್ತು ಕೆಲಸಕ್ಕೆ ಯಾರು ಬಂದರು ಅನ್ನುವುದು ಒಂದು. ಇಷ್ಟು ತಿಂಗಳಲ್ಲಿ ಯಾರು ಎಷ್ಟು ದಿನ ಬಂದರು ಅನ್ನುವುದು ಇನ್ನೊಂದು. ಕೋಳಿಯ ಮೈಯಲ್ಲೂ ಹೀಗೇ. ಜುಟ್ಟು, ಮೊಟ್ಟೆ ಬರುವ ದ್ವಾರ, ಹಿಂಭಾಗದ ಮೂಳೆ, ಹೊಟ್ಟೆ, ಇವೆಲ್ಲ ಇವತ್ತಿನ ಹಾಜರಿ ಹೇಳುತ್ತವೆ. ಕೊಕ್ಕು, ಕಾಲಿನ ಬಣ್ಣ, ರೆಕ್ಕೆಯ ಗರಿ, ಇವು ಹಳೇ ಲೆಕ್ಕ ಹೇಳುತ್ತವೆ. ನಾನು ಅವತ್ತು ಹಾಜರಿ ನೋಡಲಿಲ್ಲ. ಹಳೇ ಲೆಕ್ಕವನ್ನು ತಲೆಕೆಳಗಾಗಿ ಓದಿದೆ.

ಇವತ್ತಿನ ಹಾಜರಿ

ಮೊಟ್ಟೆ ಒಳಗೆ ಹೇಗೆ ತಯಾರಾಗುತ್ತದೆ ಅಂತ ಗೊತ್ತಿದ್ದರೆ ಈ ಗುರುತುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹಣ್ಣಾದ ಹಳದಿ ಉಂಡೆ ಗೊಂಚಲಿನಿಂದ ಕಳಚಿ ಉದ್ದ ಕೊಳವೆಯೊಂದಕ್ಕೆ ಬೀಳುತ್ತದೆ. ಅದಕ್ಕೆ ಬಿಳಿ ಲೋಳೆ ಸುತ್ತಿಕೊಳ್ಳಲು ಸುಮಾರು 3 ಗಂಟೆ ಬೇಕು. ಚಿಪ್ಪಿನ ಒಳಗಿರುವ ತೆಳು ಪೊರೆಗೆ ಒಂದು ಗಂಟೆ ಚಿಲ್ಲರೆ. ಚಿಪ್ಪು ಕಟ್ಟಲು ಮಾತ್ರ 20 ಗಂಟೆಯ ಹತ್ತಿರ. ಎಲ್ಲ ಸೇರಿ 25–26 ಗಂಟೆ.

ದಿನಕ್ಕಿರುವುದು 24 ಗಂಟೆ ತಾನೇ? ಹಾಗಾಗಿ ಇವತ್ತು ಏಳಕ್ಕೆ ಇಟ್ಟ ಕೋಳಿ ನಾಳೆ ಎಂಟೂವರೆಗೆ ಇಡುತ್ತದೆ, ನಾಡಿದ್ದು ಹತ್ತಕ್ಕೆ. ಹೀಗೆ ಜಾರುತ್ತಾ ಜಾರುತ್ತಾ ಮಧ್ಯಾಹ್ನದ ಹೊತ್ತಿಗೆ ಬಂದರೆ ಒಂದು ದಿನ ರಜೆ. ಆಮೇಲೆ ಮತ್ತೆ ಬೆಳಿಗ್ಗೆಯಿಂದ ಶುರು. ಒಳ್ಳೆ ಕೋಳಿ ಅಂದರೆ ರಜೆ ಕಮ್ಮಿ ಹಾಕುವ ಕೋಳಿ. ದಿನಕ್ಕೆ ಎರಡು ಇಡುವ ಕೋಳಿ ಇದೆ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಇಷ್ಟೆಲ್ಲ ಕೆಲಸಕ್ಕೆ ಹೊಟ್ಟೆಯಲ್ಲಿ ಜಾಗ ಬೇಕು. ಇಡುವ ಕಾಲದಲ್ಲಿ ಆ ಕೊಳವೆಯೇ ಸುಮಾರು ಎರಡು ಅಡಿ ಉದ್ದ ಇರುತ್ತದೆ. ನಿಲ್ಲಿಸಿದ ಮೇಲೆ ಮುದುಡಿ ಚಿಕ್ಕದಾಗುತ್ತದೆ. ಜೊತೆಗೆ ಮೊಟ್ಟೆ ಹೊರಗೆ ಬರಲು ದಾರಿ ಬೇಕು. ನಾವು ಬೆರಳಲ್ಲಿ ನೋಡುವುದು ಈ ಜಾಗವನ್ನು ಮತ್ತು ಈ ದಾರಿಯನ್ನು.

ಹಿಡಿಯುವುದು ಹೀಗೆ. ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ, ಸಂತೆಯಲ್ಲಿ ಮಾಡುತ್ತಾರೆ ಅಂತ ನಾವೂ ಮಾಡಬೇಕಾಗಿಲ್ಲ. ಎಡ ಅಂಗೈ ಎದೆಯ ಕೆಳಗೆ ಬರಲಿ. ಎರಡು ಕಾಲೂ ಬೆರಳ ಸಂದಿಯಲ್ಲಿ ಸಿಗಲಿ. ತಲೆ ನಿಮ್ಮ ಮೊಣಕೈ ಕಡೆ, ಬಾಲ ಹೊರಗೆ. ಕೋಳಿ ಎರಡು ಸಲ ಒದ್ದಾಡಿ ಸುಮ್ಮನಾಗುತ್ತದೆ. ಬಲಗೈ ಈಗ ಖಾಲಿ. ನಾನು ರಾತ್ರಿಯೇ ಗೂಡಿನಿಂದ ಎತ್ತಿ ಬುಟ್ಟಿ ಕವುಚಿ ಇಟ್ಟು, ಬೆಳಿಗ್ಗೆ ಬೆಳಕಿನಲ್ಲಿ ನೋಡುತ್ತೇನೆ. ಹಗಲಲ್ಲಿ ಕಾಫಿ ಗಿಡದ ಬುಡದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುವ ವಯಸ್ಸು ನನ್ನದಲ್ಲ.

ಮೊದಲು ಬಾಲದ ಕೆಳಗಿನ ಗರಿ ಸರಿಸಿ ಮೊಟ್ಟೆ ಬರುವ ದ್ವಾರ ನೋಡಿ. ಇಡುತ್ತಿರುವ ಕೋಳಿಯಲ್ಲಿ ಅದು ಅಗಲವಾಗಿ, ಮೊಟ್ಟೆಯಾಕಾರದಲ್ಲಿ, ಒದ್ದೆ ಒದ್ದೆಯಾಗಿ ಇರುತ್ತದೆ. ಬಣ್ಣ ಬಿಳಿಚು, ಇಲ್ಲವೇ ಸ್ವಲ್ಪ ನಸುಗೆಂಪು. ಇಡದ ಕೋಳಿಯಲ್ಲಿ ಚಿಕ್ಕದಾಗಿ, ದುಂಡಗೆ, ಒಣಗಿ, ಹಣದ ಚೀಲದ ಬಾಯಿ ದಾರ ಎಳೆದು ಕಟ್ಟಿದ ಹಾಗೆ ನೆರಿಗೆಯಾಗಿ ಇರುತ್ತದೆ. ಕಾಲು ಹಳದಿ ಇರುವ ತಳಿಯಾದರೆ ಅಂಚು ಕೂಡ ಹಳದಿ. ಒಂದೇ ಗುರುತು ನೋಡಲು ಪುರುಸೊತ್ತಿದೆ ಅಂದರೆ ಇದನ್ನೇ ನೋಡಿ. ಉಳಿದವು ಅನುಮಾನಕ್ಕೆ ಎಡೆ ಕೊಡುತ್ತವೆ, ಇದು ಕೊಡುವುದು ಕಮ್ಮಿ.

ಆಮೇಲೆ ಬೆರಳು. ದ್ವಾರದ ಎರಡೂ ಪಕ್ಕ ಎರಡು ಮೂಳೆಯ ತುದಿ ಕೈಗೆ ಸಿಗುತ್ತದೆ. ಅವುಗಳ ನಡುವೆ ಎಷ್ಟು ಬೆರಳು ಅಡ್ಡ ಹಿಡಿಸುತ್ತದೆ ನೋಡಿ. ಎರಡು ಮೂರು ಬೆರಳು ಹಿಡಿಸಿದರೆ ಮೊಟ್ಟೆ ಓಡಾಡುವ ದಾರಿ ತೆರೆದಿದೆ. ಒಂದೇ ಬೆರಳು ಅಥವಾ ಅದೂ ಕಷ್ಟ ಅಂದರೆ ಅಂಗಡಿ ಮುಚ್ಚಿದೆ. ಮೂಳೆಯನ್ನೂ ಸ್ವಲ್ಪ ಒತ್ತಿ. ಇಡುವ ಕೋಳಿಯದ್ದು ತೆಳ್ಳಗೆ, ಬಗ್ಗುವ ಹಾಗೆ ಇರುತ್ತದೆ. ಇಡದೆ ಕೊಬ್ಬಿದ ಕೋಳಿಯದ್ದು ದಪ್ಪ, ಗಟ್ಟಿ, ಸುತ್ತ ಕೊಬ್ಬಿನ ಪದರ.

ಮೂರನೆಯದು ಹೊಟ್ಟೆಯ ಆಳ. ಆ ಎರಡು ಮೂಳೆಯಿಂದ ಎದೆಮೂಳೆಯ ತುದಿಯವರೆಗೆ ಬೆರಳು ಇಟ್ಟು ನೋಡಿ. ನಾಲ್ಕು ಬೆರಳು ಹಿಡಿಸಿದರೆ ಚೆನ್ನಾಗಿದೆ, ಎರಡು ಅಂದರೆ ಇಲ್ಲ. ಇಲ್ಲಿ ಅಳತೆಗಿಂತ ಮೆದುತನ ಮುಖ್ಯ ಅಂತ ನನ್ನ ಅನುಭವ. ಇಡುವ ಕೋಳಿಯ ಹೊಟ್ಟೆ ಅಕ್ಕಿ ರೊಟ್ಟಿಗೆ ಹದವಾಗಿ ನಾದಿದ ಹಿಟ್ಟಿನ ಹಾಗೆ, ತೊಗಲು ತೆಳ್ಳಗೆ ಸಡಿಲವಾಗಿ. ಕೊಬ್ಬು ತುಂಬಿದ ಹೊಟ್ಟೆಯೂ ದೊಡ್ಡದೇ ಇರುತ್ತದೆ. ಆದರೆ ಅದು ಗಟ್ಟಿ. ಈ ಎರಡರ ವ್ಯತ್ಯಾಸ ಬರೆದು ಹೇಳುವುದು ಕಷ್ಟ, ನಾಲ್ಕು ಕೋಳಿ ಮುಟ್ಟಿದರೆ ತಾನಾಗಿ ಗೊತ್ತಾಗುತ್ತದೆ. ಒಂದು ಎಚ್ಚರ: ಜೋರಾಗಿ ಅದುಮಬೇಡಿ. ಒಳಗೆ ಚಿಪ್ಪು ಕಟ್ಟಿದ ಮೊಟ್ಟೆ ಇದ್ದು ಒಡೆದರೆ ಕೋಳಿಯೇ ಹೋಗುತ್ತದೆ.

ಬೆರಳಲ್ಲಿ ಅಳೆಯುವ ಈ ಪದ್ಧತಿಗೆ ಹೊರದೇಶದಲ್ಲಿ ಒಬ್ಬನ ಹೆಸರೇ ಇದೆ. ವಾಲ್ಟರ್ ಹೋಗನ್ ಅನ್ನುವ ಅಮೆರಿಕದ ಕೋಳಿ ಸಾಕಣೆಗಾರ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಊರೂರಿಗೆ ಮುಟ್ಟಿಸಿದ. ಮೂಳೆ, ಹೊಟ್ಟೆ ಮುಟ್ಟಿ ಆ ಕೋಳಿ ಎಷ್ಟು ಮೊಟ್ಟೆ ಇಡಬಲ್ಲದು ಅಂತಲೂ ಹೇಳಬಹುದು ಅನ್ನುವುದು ಅವನ ನಂಬಿಕೆ. ಅಷ್ಟು ದೂರ ನಾನು ಹೋಗುವುದಿಲ್ಲ. ಮೂಳೆ ಅಗಲವಾಗಿದ್ದರೆ ಈಗ ಇಡುತ್ತಿದೆ ಅಂತ ಅರ್ಥ, ಅದು ಜಾತಕ ಅಲ್ಲ. ಇನ್ನೂ ಮೊಟ್ಟೆ ಶುರು ಮಾಡದ ಎಳೆ ಯಾಟೆಯಲ್ಲೂ ಮೂಳೆ ಹತ್ತಿರವೇ ಇರುತ್ತದೆ. ಅದನ್ನು ನೋಡಿ ಬಂಜೆ ಕೋಳಿ ಅಂದುಬಿಟ್ಟರೆ ಅನ್ಯಾಯ ಅಲ್ವಾ?

ಜುಟ್ಟಿನ ಮಾತು ಎಲ್ಲರಿಗೂ ಗೊತ್ತು. ತಲೆಯ ಮೇಲಿನ ಜುಟ್ಟು, ಕೊಕ್ಕಿನ ಕೆಳಗೆ ಜೋತಾಡುವ ತೊಗಲು ಎರಡೂ ಕೆಂಪಗೆ, ದಪ್ಪಗೆ, ಮುಟ್ಟಿದರೆ ಬೆಚ್ಚಗೆ, ನುಣ್ಣಗೆ ಇದ್ದರೆ ಒಳಗೆ ಅಂಡಾಶಯ ಕೆಲಸ ಮಾಡುತ್ತಿದೆ. ಅಲ್ಲಿಂದ ಬರುವ ಹಾರ್ಮೋನೇ ಜುಟ್ಟನ್ನು ಬೆಳೆಸುವುದು. ಇಡುವುದು ನಿಂತರೆ ಜುಟ್ಟು ಸೊರಗಿ, ಬಣ್ಣ ಮಾಸಿ, ಮೇಲೆ ಬಿಳಿ ಹೊಟ್ಟು ಬಂದ ಹಾಗಾಗುತ್ತದೆ. ದೂರದಿಂದ ಹಿಂಡನ್ನು ಒಂದು ಸುತ್ತು ನೋಡಲು ಜುಟ್ಟು ಸಾಕು. ತೀರ್ಮಾನಕ್ಕೆ ಸಾಲದು.

ಹಳೇ ಲೆಕ್ಕ

ಈಗ ನನ್ನನ್ನು ಮೋಸ ಮಾಡಿದ ಹಳದಿ ಕಾಲಿಗೆ ಬರೋಣ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಕೋಳಿಗೆ ಹಳದಿ ಬಣ್ಣ ತಯಾರಿಸಲು ಬರುವುದಿಲ್ಲ. ಅದು ತಿನ್ನುವ ಮೆಕ್ಕೆಜೋಳದಿಂದ, ಹಸಿರು ಹುಲ್ಲಿನಿಂದ, ಸೊಪ್ಪಿನಿಂದ ಬರುತ್ತದೆ. ತಿಂದ ಬಣ್ಣ ಎರಡು ಕಡೆ ಹೋಗಬಹುದು. ಮೊಟ್ಟೆ ಇಡದ ಕೋಳಿಯಲ್ಲಿ ತೊಗಲಿಗೆ, ಕೊಕ್ಕಿಗೆ, ಕಾಲಿನ ಹುರುಪೆಗೆ ಸೇರಿಕೊಳ್ಳುತ್ತದೆ. ಇಡುವ ಕೋಳಿಯಲ್ಲಿ ಮೊಟ್ಟೆಯ ಹಳದಿಗೆ ಹೋಗುತ್ತದೆ. ತೊಗಲಿನಲ್ಲಿದ್ದ ಹಳೇ ಬಣ್ಣ ದಿನದಿನಕ್ಕೆ ಸವೆದು ಹೋಗುತ್ತದೆ, ಹೊಸದು ಬಂದು ಸೇರುವುದಿಲ್ಲ. ನಾವು ಒಡೆದ ಮೊಟ್ಟೆಯಲ್ಲಿ ನೋಡಿ ಖುಷಿಪಡುವ ಹಳದಿ, ಇಲ್ಲದಿದ್ದರೆ ಕಾಲಿಗೆ ಹೋಗಬೇಕಾಗಿದ್ದ ಹಳದಿ.

ಬಣ್ಣ ಹೋಗುವುದಕ್ಕೂ ಒಂದು ಸಾಲು ಇದೆ. ಮೊದಲು ದ್ವಾರದ ಅಂಚು, ಇಡಲು ಶುರು ಮಾಡಿದ ಒಂದು ವಾರದೊಳಗೇ ಬಿಳಿಚುತ್ತದೆ. ಅದರ ಹಿಂದೆಯೇ ಕಣ್ಣಿನ ಸುತ್ತಲಿನ ಬಳೆ, ಸುಮಾರು ಹತ್ತು ದಿನಕ್ಕೆ. ಕಿವಿಯ ಹಾಲೆ ಬಿಳಿ ಇರುವ ತಳಿಗಳಲ್ಲಿ ಆಮೇಲೆ ಅದರ ಸರದಿ. ನಂತರ ಕೊಕ್ಕು. ಕೊಕ್ಕಿನ ಬಣ್ಣ ಬುಡದಿಂದ ತುದಿಗೆ ಹೋಗುತ್ತದೆ, ಪೂರ್ತಿ ಬಿಳಿಯಾಗಲು ತಿಂಗಳು, ಒಂದೂವರೆ ತಿಂಗಳು. ಅಷ್ಟರಲ್ಲಿ ಕೋಳಿ ಮೂವತ್ತು ಮೂವತ್ತೈದು ಮೊಟ್ಟೆ ಕೊಟ್ಟಿರುತ್ತದೆ. ಎಲ್ಲಕ್ಕಿಂತ ಕೊನೆಗೆ ಪಾದ ಮತ್ತು ಕಾಲು. ಅದಕ್ಕೆ ನಾಲ್ಕೈದು ತಿಂಗಳು ಎಡೆಬಿಡದೆ ಇಡಬೇಕು. ಕಾಲು ಪೂರ್ತಿ ಬಿಳಿಚಿದ ಕೋಳಿ ನೂರಕ್ಕೆ ಮೇಲೆ ಮೊಟ್ಟೆ ಕೊಟ್ಟು ಮುಗಿಸಿದೆ ಅಂತ ತಿಳಿಯಬಹುದು.

ಇಡುವುದು ನಿಂತ ಮೇಲೆ ಬಣ್ಣ ಇದೇ ಸಾಲಿನಲ್ಲಿ ವಾಪಸು ಬರುತ್ತದೆ. ಮೊದಲು ದ್ವಾರ, ಕೊನೆಗೆ ಕಾಲು. ಹೋದದ್ದಕ್ಕಿಂತ ಬೇಗ ಬರುತ್ತದೆ.

ಇಷ್ಟು ಗೊತ್ತಾದರೆ ಎರಡು ಜಾಗದ ಬಣ್ಣ ಜೋಡಿಸಿ ಕಥೆ ಓದಬಹುದು. ದ್ವಾರ ಬಿಳಿ, ಕಾಲು ಇನ್ನೂ ಹಳದಿ: ಈಗಷ್ಟೇ ಶುರು ಮಾಡಿದೆ. ದ್ವಾರ ಬಿಳಿ, ಕಾಲೂ ಬಿಳಿ: ತಿಂಗಳುಗಟ್ಟಲೆ ದುಡಿದಿದೆ, ಇನ್ನೂ ದುಡಿಯುತ್ತಿದೆ. ಕಾಲು ಬಿಳಿ, ಆದರೆ ದ್ವಾರದ ಅಂಚು ಹಳದಿ: ಚೆನ್ನಾಗಿ ಇಟ್ಟು ಇತ್ತೀಚೆಗೆ ನಿಲ್ಲಿಸಿದೆ. ಕೊಕ್ಕಿನ ಬುಡ ಬಿಳಿ, ತುದಿ ಹಳದಿ ಅಂದರೆ ಇಡುವುದು ಶುರುವಾಗಿ ಕೆಲವು ವಾರ. ಬುಡ ಹಳದಿ, ತುದಿ ಬಿಳಿ ಅಂದರೆ ನಿಂತು ಕೆಲವು ವಾರ. ನನ್ನ ಹಳದಿ ಕಾಲಿನ ಸುಂದರಿ ತಿಂಗಳುಗಟ್ಟಲೆ ಒಂದೂ ಮೊಟ್ಟೆ ಕೊಟ್ಟಿರಲಿಲ್ಲ. ನಾನು ಹಾಕಿದ ಜೋಳವೆಲ್ಲ ಅದರ ಕಾಲಿಗೆ ಮೆತ್ತಿಕೊಂಡಿತ್ತು.

ಈ ನಂಟನ್ನು ಅಂಕಿಅಂಶದ ಜೊತೆ 1915ರಲ್ಲಿ ಪ್ರಕಟಿಸಿದವರು ಅಮೆರಿಕದ ಕನೆಕ್ಟಿಕಟ್‌ನ ಬ್ಲೇಕ್ಸ್‌ಲೀ ಮತ್ತು ವಾರ್ನರ್. ತಮಾಷೆ ಅಂದರೆ ಬ್ಲೇಕ್ಸ್‌ಲೀ ಗಿಡಗಳ ವಿಜ್ಞಾನಿ. ಮುಂದೆ ಅವರಿಗೆ ಹೆಸರು ಬಂದದ್ದು ಉಮ್ಮತ್ತಿ ಗಿಡದ ಮೇಲೆ ಮಾಡಿದ ಕೆಲಸದಿಂದ.

ನಮ್ಮ ಕೊಡಗಿಗೆ ಹತ್ತಿರದ ಸುದ್ದಿ ಇನ್ನೊಂದಿದೆ. ಕೋಳಿಗಳ ಮೂಲ ಕೆಂಪು ಕಾಡುಕೋಳಿ ಅಂತ ಓದಿರುತ್ತೀರಿ. ನಿಜ. ಆದರೆ ಹಳದಿ ಕಾಲು ಕೊಡುವ ಗುಣ ಅಲ್ಲಿಂದ ಬಂದದ್ದಲ್ಲ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ತಂಡ 2008ರಲ್ಲಿ ತೋರಿಸಿದ ಪ್ರಕಾರ ಅದು ಬಂದದ್ದು ಬೂದು ಕಾಡುಕೋಳಿಯಿಂದ. ಬೆಳಿಗ್ಗೆ ಮಂಜಿನಲ್ಲಿ ನಮ್ಮ ತೋಟದ ಬೇಲಿ ಪಕ್ಕ ತರಗೆಲೆ ಕೆದಕುವ, ಹೆಜ್ಜೆ ಸದ್ದಾದರೆ ಏಲಕ್ಕಿ ಮಲೆಯೊಳಗೆ ಮಾಯವಾಗುವ ಅದೇ ಕಾಡುಕೋಳಿ. ಅದು ಇಡೀ ಪ್ರಪಂಚದಲ್ಲಿ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಸಾಮಾನ್ಯ ಕೋಳಿಯ ತೊಗಲಿನಲ್ಲಿ ಹಳದಿಯನ್ನು ಕತ್ತರಿಸಿ ಹಾಕುವ ಕಿಣ್ವ ಒಂದು ಇರುತ್ತದೆ. ಈ ಗುಣ ಬಂದ ಕೋಳಿಯ ತೊಗಲಿನಲ್ಲಿ ಅದು ಕೆಲಸ ಮಾಡುವುದಿಲ್ಲ, ಹಳದಿ ಉಳಿದುಕೊಳ್ಳುತ್ತದೆ. ಯಾವುದೋ ಕಾಲದಲ್ಲಿ ಕಾಡಿನ ಹುಂಜ ಊರಿನ ಹೇಂಟೆಯ ಜೊತೆ ಸೇರಿದ್ದಕ್ಕೆ ಇವತ್ತು ನಾವು ಕಾಲು ನೋಡಿ ಲೆಕ್ಕ ಹೇಳುತ್ತಿದ್ದೇವೆ.

ಹಾಗಂತ ಬಣ್ಣವನ್ನು ಕಣ್ಣುಮುಚ್ಚಿ ನಂಬಬೇಡಿ. ಕಪ್ಪು ಕಾಲಿನ ನಾಟಿಯಲ್ಲಿ, ಹುಟ್ಟಾ ಬಿಳಿ ಕಾಲಿನ ತಳಿಯಲ್ಲಿ ಈ ಲೆಕ್ಕವೇ ಕಾಣುವುದಿಲ್ಲ. ಬರೀ ಅಕ್ಕಿ ನುಚ್ಚು, ಅನ್ನ ತಿಂದು ಗೂಡಲ್ಲೇ ಇರುವ ಕೋಳಿಗೆ ಹಳದಿ ಎಲ್ಲಿಂದ ಬರಬೇಕು? ಇಡಲಿ ಬಿಡಲಿ, ಅದು ಬಿಳಿಯೇ. ಕಾಯಿಲೆಯೂ ಬಿಳಿಚಿಸುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ಮೇಯುವ ಕೋಳಿಗೆ ಹೊಟ್ಟೆಹುಳು ಜಾಸ್ತಿ. ಹುಳು ತುಂಬಿದ ಕೋಳಿ ತಿಂದ ಬಣ್ಣವನ್ನೂ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇಲ್ಲಿ ಜುಟ್ಟು ಸಾಕ್ಷಿಗೆ ಬರುತ್ತದೆ. ಕಾಲು ಬಿಳಿ, ಜುಟ್ಟು ಕೆಂಪು ಅಂದರೆ ದುಡಿಮೆ. ಕಾಲೂ ಬಿಳಿ, ಜುಟ್ಟೂ ಬಿಳಿ ಅಂದರೆ ಪಶು ಆಸ್ಪತ್ರೆ.

ಹರಿದ ಕೊಡೆ

ಗರಿಯ ವಿಷಯದಲ್ಲೂ ಹೀಗೇ ಉಲ್ಟಾ. ಕೋಳಿ ವರ್ಷಕ್ಕೊಮ್ಮೆ ಹಳೇ ಗರಿ ಉದುರಿಸಿ ಹೊಸದು ತರುತ್ತದೆ. ಗರಿ ಅಂದರೆ ಹೆಚ್ಚೂಕಮ್ಮಿ ಬರೀ ಪ್ರೋಟೀನು. ಮೊಟ್ಟೆಗೂ ಪ್ರೋಟೀನೇ ಬೇಕು. ಎರಡನ್ನೂ ಒಟ್ಟಿಗೆ ಮಾಡುವುದು ಕೋಳಿಗೆ ಕಷ್ಟ. ಆದ್ದರಿಂದ ಗರಿ ಉದುರಿಸುವಾಗ ಮೊಟ್ಟೆ ನಿಲ್ಲುತ್ತದೆ. ಒಳ್ಳೆ ಕೋಳಿ ಇದನ್ನು ಎಷ್ಟು ಮುಂದಕ್ಕೆ ಹಾಕಲು ಆಗುತ್ತದೋ ಅಷ್ಟು ಹಾಕುತ್ತದೆ. ಹಳೇ ಗರಿಯಲ್ಲೇ, ಸವೆದು ಮುರಿದು ಹೋಗಿದ್ದರೂ, ಇಡುತ್ತಲೇ ಇರುತ್ತದೆ. ಸೋಮಾರಿ ಕೋಳಿ ಬೇಗ ಶುರು ಮಾಡಿ ನಿಧಾನಕ್ಕೆ ಮುಗಿಸುತ್ತದೆ. ಆ ಕಾರಣಕ್ಕೇ ಅದು ಯಾವಾಗಲೂ ಮದುವೆಗೆ ಹೊರಟ ಹಾಗೆ ಇರುವುದು.

ಎಷ್ಟು ನಿಧಾನ ಅಂತ ರೆಕ್ಕೆ ಬಿಡಿಸಿ ಲೆಕ್ಕ ಹಾಕಬಹುದು. ರೆಕ್ಕೆಯ ನಡುವೆ ಗಿಡ್ಡ ಗರಿ ಒಂದು ಇರುತ್ತದೆ. ಅದರಿಂದ ತುದಿಯ ಕಡೆಗೆ ಇರುವ ದೊಡ್ಡ ಗರಿಗಳು ಸಾಮಾನ್ಯವಾಗಿ 10. ಉದುರುವುದು ಗಿಡ್ಡ ಗರಿಯ ಪಕ್ಕದ್ದರಿಂದ ಶುರುವಾಗಿ ಹೊರಕ್ಕೆ ಸಾಗುತ್ತದೆ. ಒಂದು ಗರಿ ಪೂರ್ತಿ ಬೆಳೆಯಲು ಸುಮಾರು 6 ವಾರ. ನಿಧಾನದ ಕೋಳಿ ಎರಡು ವಾರಕ್ಕೆ ಒಂದರಂತೆ ಉದುರಿಸುತ್ತದೆ. ಮೊದಲ ಗರಿಗೆ 6 ವಾರ, ಉಳಿದ ಒಂಬತ್ತಕ್ಕೆ ಎರಡೆರಡು ವಾರ ಸೇರಿಸಿ, 24 ವಾರ ಆಯಿತು. ಹತ್ತಿರ ಹತ್ತಿರ ಅರ್ಧ ವರ್ಷ! ಚುರುಕಿನ ಕೋಳಿ ಎರಡು, ಮೂರು, ಕೆಲವೊಮ್ಮೆ ನಾಲ್ಕು ಗರಿಯನ್ನು ಒಟ್ಟಿಗೆ ಉದುರಿಸುತ್ತದೆ. ಅವೆಲ್ಲ ಒಟ್ಟಿಗೆ ಬೆಳೆಯುತ್ತವೆ. ಅರ್ಧ ಸಮಯದಲ್ಲಿ ಕೆಲಸ ಮುಗಿಸಿ ಮತ್ತೆ ಬುಟ್ಟಿಗೆ ಬರುತ್ತದೆ. ರೆಕ್ಕೆ ಬಿಡಿಸಿದಾಗ ಹೊಸ ಗರಿಗಳು ಮೆಟ್ಟಿಲು ಮೆಟ್ಟಿಲಾಗಿ ಒಂದೊಂದೂ ಬೇರೆ ಉದ್ದ ಇದ್ದರೆ ನಿಧಾನದ ಕೋಳಿ. ಎರಡು ಮೂರು ಒಂದೇ ಉದ್ದ ಇದ್ದರೆ ಚುರುಕಿನದು.

ಬೇಲಿ ಹಾರದಿರಲಿ ಅಂತ ರೆಕ್ಕೆ ಕತ್ತರಿಸುವ ಪದ್ಧತಿ ನಮ್ಮಲ್ಲಿದೆ. ಒಂದೇ ರೆಕ್ಕೆ ಕತ್ತರಿಸಿ. ಇನ್ನೊಂದು ಲೆಕ್ಕ ನೋಡಲು ಇರಲಿ.

ಇನ್ನೊಂದು ಮಾತು. ಹೆದರಿದರೆ, ಎರಡು ದಿನ ನೀರು ತಪ್ಪಿದರೆ, ಮೇವು ದಿಢೀರನೆ ಬದಲಾದರೆ ಕೋಳಿ ಕಾಲವಲ್ಲದ ಕಾಲದಲ್ಲೂ ಗರಿ ಉದುರಿಸಬಹುದು. ಅದು ನಮ್ಮ ತಪ್ಪು, ಅದರ ಸೋಮಾರಿತನ ಅಲ್ಲ. ಬೆನ್ನಿನ ಗರಿ ಮಾತ್ರ ಹೋಗಿದ್ದರೆ ಹುಂಜನ ಕಾಟ ಅಂತ ತಿಳಿಯಿರಿ.

ನಾಟಿಗೂ ಫಾರಂಗೂ ಒಂದೇ ತಕ್ಕಡಿ ಬೇಡ

ಎಲ್ಲ ಕೋಳಿಯಿಂದ ಒಂದೇ ಲೆಕ್ಕ ಕೇಳುವುದು ನ್ಯಾಯವಲ್ಲ. ಫಾರಂನ ಬಿಳಿ ಲೆಗ್‌ಹಾರ್ನ್ ಜಾತಿಯ ಕೋಳಿ ವರ್ಷಕ್ಕೆ 300ರ ಆಸುಪಾಸು ಇಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಹಿತ್ತಿಲಲ್ಲಿ 130–150, ಅಲ್ಲಿಯದೇ ಸ್ವರ್ಣಧಾರ 180ರ ಮೇಲೆ. ಅಪ್ಪಟ ನಾಟಿ 60–80 ಕೊಟ್ಟರೆ ಚೆನ್ನಾಗಿ ಕೊಟ್ಟ ಹಾಗೆ. ನಾಟಿಯ ಮೈಯೇ ಚಿಕ್ಕದು. ಅದರ ಮೂಳೆಯ ನಡುವೆ ಎರಡು ಬೆರಳು ಹಿಡಿಸಿದರೆ ಸಾಕು, ಮೂರು ಹುಡುಕಬೇಡಿ.

ನಾಟಿ ಕಮ್ಮಿ ಇಡುವುದಕ್ಕೆ ದೊಡ್ಡ ಕಾರಣ ಕಾವು. ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. 21 ದಿನ ಕಾವು, ಆಮೇಲೆ ಮರಿ ಮೇಯಿಸಲು ಎರಡು ತಿಂಗಳು. ಅಷ್ಟು ದಿನ ಮೊಟ್ಟೆ ಇಲ್ಲ. ಕಾವಿಗೆ ಕೂತ ಕೋಳಿಯನ್ನು ಹಿಡಿದು ನೋಡಿದರೆ ಜುಟ್ಟು ಸೊರಗಿರುತ್ತದೆ, ದ್ವಾರ ಒಣಗಿರುತ್ತದೆ, ಮೂಳೆ ಹತ್ತಿರ ಬಂದಿರುತ್ತದೆ. ಎಲ್ಲ ಗುರುತೂ ಇದನ್ನು ಕಳಿಸಿಬಿಡು ಅನ್ನುತ್ತವೆ. ಮರಿ ಬೇಕಾದವರು ಆ ಮಾತು ಕೇಳಬಾರದು. ಯಂತ್ರವಿಲ್ಲದೆ ಮರಿ ಮಾಡುವ ಮನೆಗೆ ಒಳ್ಳೆ ಕಾವಿನ ಕೋಳಿ ಮೊಟ್ಟೆ ಕೋಳಿಗಿಂತ ದೊಡ್ಡ ಆಸ್ತಿ. ಮರಿ ಬೇಡ, ಮೊಟ್ಟೆ ಬೇಕು ಅನ್ನುವವರು ಕೆಳಗಿನಿಂದ ಗಾಳಿಯಾಡುವ ತಂತಿ ಬುಟ್ಟಿಯಲ್ಲಿ ಮೂರು ನಾಲ್ಕು ದಿನ ಮೇವು ನೀರು ಕೊಟ್ಟು ಇಟ್ಟರೆ ಕಾವು ಇಳಿಯುತ್ತದೆ.

ಕೊಡಗಿನ ಮಳೆಗಾಲಕ್ಕೂ ಒಂದು ರಿಯಾಯಿತಿ ಕೊಡಬೇಕು. ಚೆನ್ನಾಗಿ ಇಡಲು ಕೋಳಿಗೆ ದಿನಕ್ಕೆ 14–16 ಗಂಟೆ ಬೆಳಕು ಬೇಕು. ನಮ್ಮಲ್ಲಿ ಜೂನ್ ತಿಂಗಳ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಅದರ ಮೇಲೆ ಮೋಡ, ಮಂಜು, ಸಂಜೆ ನಾಲ್ಕಕ್ಕೇ ಕತ್ತಲು. ಗೂಡಿನಲ್ಲಿ ಬೆಳಗಿನ ಜಾವ ಎರಡು ಗಂಟೆ ಒಂದು ಬಲ್ಬು ಉರಿಸಿದರೆ ವ್ಯತ್ಯಾಸ ಕಾಣುತ್ತದೆ, ಕರೆಂಟು ಇದ್ದರೆ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ನುಚ್ಚಿನಲ್ಲಿ ಅದಿಲ್ಲ. ಚಿಪ್ಪಿನ ಚೂರು ಹಾಕಿ. ಮೊದಲು ತೆಳು ಚಿಪ್ಪು, ಆಮೇಲೆ ತೊಗಲು ಮೊಟ್ಟೆ, ಆಮೇಲೆ ಮೊಟ್ಟೆಯೇ ಇಲ್ಲ, ಈ ಸಾಲಿನಲ್ಲಿ ಬಂದರೆ ತಪ್ಪು ಮೇವಿನದು. ಇಡೀ ಹಿಂಡು ಒಂದೇ ವಾರದಲ್ಲಿ ನಿಲ್ಲಿಸಿದರೆ ಒಂದೊಂದು ಕೋಳಿ ಹಿಡಿದು ತೀರ್ಪು ಕೊಡಬೇಡಿ. ಮೇವು, ಬೆಳಕು, ಹೇನು, ಕೊಕ್ಕರೆ ರೋಗ (ರಾಣಿಖೇತ್), ಇವನ್ನು ಮೊದಲು ವಿಚಾರಿಸಿ.

ಹಾಗಾಗಿ ನಾನು ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಒಂದು ಗುರುತು ನೋಡಿ ಕೋಳಿ ಕಳಿಸುವುದಿಲ್ಲ. ದ್ವಾರ, ಮೂಳೆ, ಜುಟ್ಟು ಮೂರೂ ಇಲ್ಲ ಅಂದರೆ ಕಾಲಿಗೆ ಕೆಂಪು ದಾರ ಕಟ್ಟುತ್ತೇನೆ. ಎರಡು ವಾರ ಬಿಟ್ಟು ಮತ್ತೆ ಹಿಡಿಯುತ್ತೇನೆ. ಆಗಲೂ ಹಾಗೇ ಇದ್ದು, ಕಾಲು ಹಳದಿಯಾಗುತ್ತಾ ಬಂದಿದ್ದರೆ ಸಾರಿಗೆ ಹೋಗುತ್ತದೆ. ಎರಡು ವರ್ಷ ದಾಟಿದ ಕೋಳಿಗೆ ಈ ಕೃಪೆಯೂ ಕಮ್ಮಿ. ಮೊದಲ ವರ್ಷದ್ದೇ ಹೆಚ್ಚಿನ ಫಸಲು, ಎರಡನೇ ವರ್ಷ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ, ಮತ್ತೆ ಇಳಿಯುತ್ತಲೇ ಹೋಗುತ್ತದೆ.

ಸಂತೆಯಲ್ಲಿ ಕೊಳ್ಳುವಾಗಲೂ ಇದು ಉಪಯೋಗಕ್ಕೆ ಬಂತು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಬ್ಬರು ಹೇಂಟೆ ಎತ್ತಿ ತೋರಿಸಿ, "ನಾಳೆನೇ ಮೊಟ್ಟೆ ಇಡುತ್ತೆ ಅಣ್ಣಾ, ನೋಡಿ ಹೆಂಗೆ ಹೊಳೀತಿದೆ" ಅಂದರು. ಹೊಳೆಯುತ್ತಿದ್ದದ್ದು ನಿಜ. ನಾನು ಬಾಲದ ಗರಿ ಸರಿಸಿ ನೋಡಿದೆ. ದಾರ ಎಳೆದು ಕಟ್ಟಿದ ಚೀಲ. ಪಕ್ಕದ ಬುಟ್ಟಿಯಲ್ಲಿ ಗರಿ ಸವೆದ ಒಂದು ಕೋಳಿ ಮೂಲೆ ಹಿಡಿದು ಕೂತಿತ್ತು, ಜುಟ್ಟು ಮಾತ್ರ ದಾಸವಾಳದ ಹಾಗೆ. ಅದನ್ನು ಹಿಡಿದು ನೋಡಿ ಕೊಂಡೆ. "ಅದ್ಯಾಕೆ ಅಣ್ಣಾ, ಮುದುಕಿ ಥರ ಇದೆ" ಅಂತ ಅವರೇ ಎಚ್ಚರಿಸಿದರು. ಪಾಪ, ಒಳ್ಳೆಯವರು.

ಅದೇ ಮುದುಕಿ ಕಳೆದ ತಿಂಗಳು ಹನ್ನೆರಡು ದಿನ ಬುಟ್ಟಿಗೆ ಒಂದೂ ಮೊಟ್ಟೆ ಹಾಕಲಿಲ್ಲ. ಸೋತುಹೋಯಿತು ಅಂದುಕೊಂಡು ಹಿಡಿದು ನೋಡಿದೆ. ದ್ವಾರ ಒದ್ದೆ, ಅಗಲ. ಮೂರು ಬೆರಳು ಸಲೀಸಾಗಿ ಹಿಡಿಸಿತು. ಕೋಳಿ ಇಡುತ್ತಿದೆ, ನನಗೆ ಸಿಗುತ್ತಿಲ್ಲ ಅಷ್ಟೇ. ಮುಂಗುಸಿಯೋ, ಕೇರೆಹಾವೋ, ಪಕ್ಕದ ಲೈನ್‌ಮನೆಯ ಮಕ್ಕಳೋ ಅಂತ ಮೂವರ ಮೇಲೂ ಅನುಮಾನಪಟ್ಟೆ. ಬೆಳಿಗ್ಗೆ ಗೂಡು ಬಿಟ್ಟ ಮೇಲೆ ಅದರ ಹಿಂದೆಯೇ ಹೊರಟೆ. ಅದು ಮೂರು ಸಲ ನಿಂತು ನನ್ನನ್ನು ನೋಡಿತು, ನಾನು ಮೂರು ಸಲ ಕಳೆ ಕೀಳುವ ನಾಟಕ ಮಾಡಿದೆ. ಕೊನೆಗೆ ಕಣದ ಆಚೆ ಹಳೇ ರೊಬಸ್ಟಾ ಗಿಡದ ಬುಡಕ್ಕೆ ನುಗ್ಗಿತು. ತರಗೆಲೆ ಸರಿಸಿದರೆ ಹನ್ನೊಂದು ಮೊಟ್ಟೆ.

ನೀರಿಗೆ ಹಾಕಿ ನೋಡಿದೆ. ಎಲ್ಲವೂ ಮುಳುಗಿದವು, ಎರಡು ಮಾತ್ರ ತುದಿ ಮೇಲೆತ್ತಿ ನಿಂತವು, ಹಳೆಯವು. ಹತ್ತನ್ನು ತಂದು ಒಂದನ್ನು ಅಲ್ಲೇ ಬಿಟ್ಟೆ, ಪೆನ್ನಿನಲ್ಲಿ ಗುರುತು ಹಾಕಿ. ಜಾಗ ಬದಲಾಯಿಸದಿರಲಿ ಅಂತ.